ಮೂವರು ವ್ಯಾಪಾರಿಗಳ ಪೈಪೋಟಿ

ಎರಡು ಸಾವಿರದ ಆರನೇ ಇಸವಿ, ಎನ್.ಆರ್.ಪುರದ ಬಸ್ ಸ್ಟ್ಯಾಂಡು. ಮೈಸೂರಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದ ಕಾಳುಮೆಣಸಿನ ವ್ಯಾಪಾರಿಯೊಬ್ಬರು ನನ್ನ ಬೆಂಚಿನಲ್ಲೇ ಕೂತು ಕುದಿಯುತ್ತಿದ್ದರು.

"ಡಾಕ್ಟರೇಟ್ ತಗೊಳ್ಳೋಕೆ ನಿಂಗೆ ಅಪ್ಪನ ಮೆಣಸಿನ ಮಂಡೀನೇ ಬೇಕಿತ್ತಾ?"

"ಪೈಪೋಟಿ, ಬೆಲೆ, ಇದೇ ನನ್ನ ವಿಷಯ ಅಪ್ಪ. ಯಾರ ಹೆಸರೂ ಹಾಕಿಲ್ಲ."

"ಟೆಂಡರ್ ಹಾಕೋ ಮೂವರು ಒಳಗೊಳಗೇ ಮಾತಾಡ್ಕೊಂಡು ರೇಟು ಇಳಿಸ್ತಾರೆ ಅಂತ ಬರ್ದಿದೀಯ. ಇಲ್ಲಿ ಮೆಣಸು ತಗೊಳ್ಳೋರು ನಾವು ಮೂವರೇ. ಹೆಸರು ಬೇರೆ ಹಾಕ್ಬೇಕಿತ್ತಾ?"

"ಸುಳ್ಳಾ ಅದು?"

"ನೀ ಬರ್ದಿದ್ದು ಪೇಪರಲ್ಲಿ ಬಂದ ಮೇಲೆ ಬೆಳೆಗಾರರು ಅಂಗಡಿ ಮುಂದೆ ನಿಂತು ಬೈತಿದಾರೆ. ಒಬ್ರ ರೇಟು ಇನ್ನೊಬ್ರಿಗೆ ಗೊತ್ತಾಗ್ದಂಗೆ ಟೆಂಡರ್ ಚೀಟಿನ ಬೀಗ ಹಾಕಿದ ಡಬ್ಬಿಗೆ ಹಾಕ್ತೀವಿ ಮಾರಾಯ್ತಿ. ಒಳಗಿನ ಸುದ್ದಿ ನಿಂಗೆ ಹೇಳಿದ್ದು ನಮ್ಮ ಮಂಡಿ ಗುಮಾಸ್ತ ಆ ಕಾಂತೇಶನಾ?"

"ಯಾರೂ ಹೇಳಿಲ್ಲ."

"ಮತ್ತೆ ಸಾಕ್ಷಿ ಎಂತ ಇದೆ ನಿನ್ ಹತ್ರ?"

ಬಸ್ಸು ಬಂತು. ಅವಳು ಬ್ಯಾಗು ಹೆಗಲಿಗೇರಿಸಿದಳು.

"ನಾನು ಏಳನೇ ಕ್ಲಾಸಲ್ಲಿದ್ದಾಗ, ನನ್ನ ಅಕ್ಷರ ಚಂದ ಅಂತ ಮೂರೂ ಜನರ ಚೀಟಿ ನನ್ ಕೈಲೇ ಬರೆಸ್ತಿದ್ರಿ. ಮೂರೂ ರೇಟು ಹೇಳ್ತಿದ್ದೋರು ನೀವೊಬ್ರೇ," ಎಂದು ಬಸ್ಸು ಹತ್ತಿದಳು.