ಕಸಿಯ ಗುಳ್ಳ

ಕಟಪಾಡಿಯಿಂದ ಶಿರ್ವಕ್ಕೆ ಹೊರಟ ಬಸ್ಸಿನಲ್ಲಿ ಅಕ್ಷಿತಾಳ ಮುಂದಿನ ಸೀಟಿನಲ್ಲಿ ಮಟ್ಟು ಊರಿನ ಗಂಡಹೆಂಡತಿ ಕುಳಿತಿದ್ದರು. ಹೆಂಡತಿಯ ಮಡಿಲಲ್ಲಿದ್ದ ಕೊಂಬೆಯ ತುಂಬ ಬಟಾಣಿಯಷ್ಟೇ ದೊಡ್ಡ ಕಾಯಿಗಳಿದ್ದವು.

“ಇದು ಗುಳ್ಳ ಬದನೆಯಾ? ನೀವೇ ಹೇಳಿ,” ಎಂದು ಹೆಂಡತಿ ಕೊಂಬೆಯನ್ನು ಗಂಡನ ಮುಂದೆ ಹಿಡಿದರು.

“ಗಿಡ ಸಾಯಲಿಲ್ಲ ಅಲ್ವಾ, ವಾರಿಜಾ? ಹೋದ ವರ್ಷ ಸೊರಗು ರೋಗಕ್ಕೆ ಎಲ್ಲ ಬಾಡಿ ಹೋಗಿತ್ತು.”

“ಸಾಯದ್ದು ಸುಂಡೆ, ಕಾಡುಬದನೆ ಮಾರಾಯ್ರೆ! ರೋಗ ತಾಗದ ಬೇರು ಬೇಕೆಂದು ಸುಂಡೆಗೆ ಗುಳ್ಳದ ಕಸಿ ಕಟ್ಟಿಸಿದ್ದು. ನೀವು ಮೇಲಿನ ಗುಳ್ಳವನ್ನೇ ಕತ್ತರಿಸಿ, ಕೆಳಗಿನ ಚಿಗುರಿಗೆ ಗೊಬ್ಬರ ಹಾಕಿದಿರಿ.”

“ಕೆಳಗಿನದ್ದು ಒಳ್ಳೆ ಸೊಕ್ಕಿ ಬಂದಿತ್ತು. ಮೇಲಿನದ್ದು ಸಪೂರ, ಕಡ್ಡಿಯ ಹಾಗೆ.”

“ಸಪೂರ ಅಂತ ನನ್ನನ್ನು ಕತ್ತರಿಸಲಿಲ್ಲವಲ್ಲ, ಪುಣ್ಯ!”

ಅಕ್ಷಿತಾ ನಗು ತಡೆದು ಕಿಟಕಿಯತ್ತ ತಿರುಗಿದಳು.

“ನರ್ಸರಿಯಲ್ಲಿ ಇನ್ನೊಮ್ಮೆ ಕಸಿ ಕಟ್ಟಿಸುವ. ಅದಕ್ಕೆಂತ?”

“ಬೀಜ ಬೇಡವಾ? ಅಮ್ಮ ಉಳಿಸಿಕೊಂಡು ಬಂದ ಬೀಜ ಅದು. ಈಗ ಇರುವುದು ಬಾವಿಕಟ್ಟೆಯ ಹತ್ತಿರದ ಗಿಡದಲ್ಲಿ ಬೀಜಕ್ಕೆಂದು ಬಿಟ್ಟ ಒಂದೇ ಕಾಯಿ.”

“ಆ ಹಳದಿಯಾದದ್ದಾ?”

“ಹೌದು. ಎಂತಕ್ಕೆ?”

ಗಂಡ ಟಿಕೆಟನ್ನು ಮಡಚಿ ಕಿಸೆಗೆ ಹಾಕಿಕೊಂಡರು.

“ಕೊಳೆತು ಹೋಗುತ್ತದೆ ಅಂತ ಬೆಳಿಗ್ಗೆ ಇನ್ನಂಜೆಯ ಅಕ್ಕನಿಗೆ ಕೊಟ್ಟೆ. ಅವಳ ದನಕ್ಕೆ.”

“ದನಕ್ಕೆ!”

ವಾರಿಜ ಎದ್ದ ರಭಸಕ್ಕೆ ಸುಂಡೆಯ ಕೊಂಬೆ ಸೀಟಿನಡಿ ಬಿತ್ತು.

“ಕಂಡಕ್ಟ್ರೆ, ಇನ್ನಂಜೆಯಲ್ಲಿ ನಿಲ್ಲಿಸಿ! ನೀವೂ ಇಳಿಯಿರಿ. ಅಕ್ಕನಿಗೆ ಫೋನ್ ಮಾಡಿ ಮೊದಲು.”

ಬಸ್ಸು ನಿಂತಿತು. ಫೋನನ್ನು ಕಿವಿಗೊತ್ತಿಕೊಂಡೇ ಗಂಡ ಹೆಂಡತಿಯ ಹಿಂದೆ ಮೆಟ್ಟಿಲಿಳಿದರು.

“ತೆಗೆಯುತ್ತಿಲ್ಲ, ವಾರಿಜಾ. ದನದ ಹಟ್ಟಿಯಲ್ಲಿರಬೇಕು.”