ಡ್ರಮ್ಮಿನೊಳಗಿನ ಧೂಳು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಅವರ ಮಗಳೇ, ಗ್ಯಾರೇಜಿನ ನನ್ನ ಜೊತೆಗಾರರೇ — ನಾನು ಲೇತ್ ಮೇಲೆ ಕೆಲಸ ಮಾಡುವವನು, ಭಾಷಣ ಮಾಡುವವನಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಡ್ರಮ್ಮಣ್ಣ ಹೋಗಿಬಿಟ್ಟರು.

ಗಾಡಿ ಚಕ್ರದೊಳಗಿನ ಬ್ರೇಕ್ ಡ್ರಮ್ ಕೆಲಸದಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಗೊತ್ತಿಲ್ಲದ ಯಾರೋ ಒಮ್ಮೆ ಮದುವೆಗೆ ಡ್ರಮ್ ಬಾರಿಸಲು ಕರೆಯಲು ಬಂದಿದ್ದರು. “ಬರ್ತೀನಿ ಸ್ವಾಮಿ, ಆದ್ರೆ ನನ್ ಡ್ರಮ್ ಸದ್ದು ಮಾಡಿದ್ರೆ ಗಾಡಿ ಕೆಟ್ಟಿದೆ ಅಂತರ್ಥ” ಅಂದಿದ್ದರು. ನಗಿ, ಪರವಾಗಿಲ್ಲ.

ಅವರ ಕೊನೆಯ ಗಾಡಿ ಒಬ್ಬ ನಿವೃತ್ತ ಮೇಷ್ಟ್ರದು. ಆ ಮೇಷ್ಟ್ರ ತಂದೆ ಓಡಿಸುತ್ತಿದ್ದ ಹಳೆಯ ಕಾರು. ಹಿಂದಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಚಕ್ರ ಬಿಚ್ಚಿ ಡ್ರಮ್ ಎಳೆದರೆ — ಏನು ಹೇಳಲಿ — ಬ್ರೇಕ್ ಶೂ ಮೇಲಿನ ಲೈನಿಂಗ್ ರಿವೆಟ್‌ವರೆಗೂ ಸವೆದಿತ್ತು, ಸಿಲಿಂಡರಿನಿಂದ ಎಣ್ಣೆ ಸೋರುತ್ತಿತ್ತು, ಒಳಗೆಲ್ಲ ಕಪ್ಪು ಧೂಳು. ಡ್ರಮ್ಮಣ್ಣ ಎಂದಿನಂತೆ ಬಗ್ಗಿ ಊದಲು ಹೋದರು. ಊದಲು ಉಸಿರೇ ಇರಲಿಲ್ಲ. ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟರು.

ಡಾಕ್ಟರು ಎಕ್ಸ್‌ರೇ ಹಿಡಿದು ಹೇಳಿದರು: “ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತೆ. ವರ್ಷಗಟ್ಟಲೆ ಅದರ ಧೂಳು ಕುಡಿದಿದೀರಿ. ಒಳಗೆ ಹೋಗಿರೋದನ್ನ ವಾಪಸ್ ತೆಗೆಯೋಕಾಗಲ್ಲ.”

ಅತ್ತಿಗೆ ಸಿಟ್ಟಾದರು. “ಆ ಗಾಡೀನ ಆಚೆಗೆ ತಳ್ಳಿ!”

“ಬಿಚ್ಚಿರೋನು ನಾನು ಕಣೇ. ಅರ್ಧಕ್ಕೆ ಬಿಟ್ರೆ ಇನ್ನೊಬ್ಬ ಬಂದು ಊದ್ತಾನೆ.”

ಡ್ರಮ್ಮಣ್ಣ ಗ್ಯಾರೇಜಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ನಮಗೆಲ್ಲ ಮಾಸ್ಕ್ ಹಾಕಿಸಿದರು. ಊದಲು ಬಿಡಲಿಲ್ಲ, ನೀರು ಹಾಕಿ ತೊಳೆಸಿದರು. ಒರೆಸಿದ ಒದ್ದೆ ಬಟ್ಟೆಯನ್ನೂ ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿದರು. ನಾನು ಡ್ರಮ್ಮಿನ ಒಳಮೈ ಸಮ ಮಾಡಿಕೊಟ್ಟೆ. ಹೊಸ ಶೂ ಬಂತು, ಹೊಸ ಸಿಲಿಂಡರ್ ಬಂತು. ಆದರೆ ಸ್ಪ್ರಿಂಗ್ ಎಳೆದು ಸಿಕ್ಕಿಸುವಷ್ಟು ಬಲ ಅವರ ಕೈಯಲ್ಲಿ ಉಳಿದಿರಲಿಲ್ಲ. ಇಕ್ಕಳ ಹಿಡಿದವರು ಅತ್ತಿಗೆ. ಸ್ಪ್ರಿಂಗ್ ಟಣ್ ಅಂತ ಹಾರಿ ಮೂಲೆ ಸೇರಿತು.

“ನಿಮ್ ಜೊತೆ ಸಂಸಾರ ಮಾಡಿದ್ದೇ ಇದಕ್ಕಿಂತ ಸುಲಭ!”

ಡ್ರಮ್ಮಣ್ಣ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು — ನಿಲ್ಲಲಿಲ್ಲ. ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಉಳಿದ ಕೆಲಸ ನಾವು ಮುಗಿಸಿದೆವು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಕಾರು ನೆಟ್ಟಗೆ ನಿಂತಿತು. ಓಡಿಹೋಗಿ ಹೇಳಿದೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು.

“ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೀತಾ?”

“ಇಲ್ಲಣ್ಣ.”

“ಸರಿ ಹಾಗಾದ್ರೆ.”

ಅಷ್ಟೇ. ಮಾರನೆಯ ಬೆಳಿಗ್ಗೆ ಅವರಿಲ್ಲ.

ಇಲ್ಲಿಗೆ ಬರುವ ಮುಂಚೆ ಅತ್ತಿಗೆ ನನ್ನನ್ನು ತಡೆದು ಹೇಳಿದರು: “ದೇವರಂಥ ಮನುಷ್ಯ ಅಂತೆಲ್ಲ ಹೊಗಳಬೇಡಿ. ಹೇಗೆ ಸತ್ರು ಅನ್ನೋದನ್ನ ಹೇಳಿ.” ಅದಕ್ಕೇ ಹೇಳಿದೆ. ಅವರು ಊದಿದ ಧೂಳನ್ನು ನಾವೂ ಊದಿದ್ದೇವೆ. ಅವರ ಪಕ್ಕದಲ್ಲೇ ಕುಳಿತು, ಅದೇ ಗಾಳಿ ಕುಡಿದಿದ್ದೇವೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಮಧ್ಯೆ ಯಾರಿಗಾದರೂ ಕೆಮ್ಮು ಬಂದರೆ — ಸಂಕೋಚಪಟ್ಟು ಅದುಮಿಡಬೇಡಿ. ಕೆಮ್ಮಿಬಿಡಿ. ಯಾರ್ಯಾರು ಅಂತ ನಮಗೆ ಗೊತ್ತಾಗಲಿ.