ಸೋತವರ ಲಾರಿ

ಹಲೋ... ಹಲೋ, ಸಿರುಗುಪ್ಪಾನ್ರೀ? ದೊಡ್ಡಬಸಪ್ಪನವರ ಅಕ್ಕಿ ಮಿಲ್ಲಾ? ಯಾರ್ರಿ ಮಾತಾಡೋದು?...

ಓ, ಬೀಗ್ರೇ, ನೀವಾ! ಶರಣ್ರಿ, ಶರಣು. ನಾನ್ರಿ, ಬಳ್ಳಾರಿಯಿಂದ, ಸೈಕಲ್ ಅಂಗಡಿ ಗಾದಿಲಿಂಗಪ್ಪ... ಹಾಂ, ನಿಮ್ಮ ಸೊಸಿ ಸುವರ್ಣನ ಅಪ್ಪ. ಮತ್ಯಾವ ಗಾದಿಲಿಂಗಪ್ಪ ನಿಮಗ ಫೋನು ಮಾಡ್ತಾನ್ರಿ?...

ಇಲ್ರಿ, ಆಕಿನ್ನ ಕಳಸ್ರಿ ಅಂತ ಕೇಳಾಕಲ್ಲ. ಇದು ಸೈಕಲ್ ರೇಸಿನ ಮಾತು. ಬರೂ ಐತವಾರ ಐತಿ. ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ನಿಮ್ಮೂರು, ತಿರುಗಿ ಬಳ್ಳಾರಿ. ಇಪ್ಪತ್ತೆರಡು ಮಂದಿ. ಅವರ ಊಟ-ನೀರಿನ ಜವಾಬ್ದಾರಿ ಕಮಿಟಿಯವರು ನನ್ನ ತಲಿಗೆ ಕಟ್ಟ್ಯಾರ. ನಿಮ್ಮೂರಾಗ ಸಿಹಿನೀರಿನ ಬಾವಿ ಅಂದ್ರ ನಿಮ್ಮದ, ಅಲ್ವಾ? ಅದಕ್ಕ...

ಅಯ್ಯೋ, ಊಟ ಬ್ಯಾಡ್ರಿ. ಮಜ್ಜಿಗಿ, ಬೆಲ್ಲದ ಪಾನಕ, ಒಂದೊಂದು ಶೇಂಗಾ ಉಂಡಿ, ಅಷ್ಟ ಸಾಕು. ರಸ್ತಾದ ಬಾಜೂ ನಿಂತು ಕೈಗೆ ಕೊಟ್ರ ಅವರು ಇಳಿಯೋದೂ ಇಲ್ಲ, ತುಳಕೋಂತನ ಕುಡದು ಹೋಗ್ತಾರ...

ಭಿಕ್ಷಾ ಅಲ್ರಿ ಬೀಗ್ರೇ! ಎಲ್ಲಿ ಮಾತು ಎಲ್ಲಿಗೆ ಒಯ್ತೀರಿ?... ಏನು? ಎಲಿ ಹಾಕಿ, ಪಂಕ್ತಿ ಕೂಡಿಸಿ, ಹೋಳಿಗಿ ಊಟಾನಾ? ರೇಸಿನ ನಡುವ? ಹೋದ ವರ್ಷ ಕುರುಗೋಡಿನಾಗ ಬರೇ ಮಿರ್ಚಿ-ಮಂಡಾಳ ತಿಂದದ್ದಕ್ಕ ಏಳು ಮಂದಿ ಬೇವಿನ ಗಿಡದ ಕೆಳಗ ಅಡ್ಡಾದ್ರು, ಸಂಜೀತನ ಏಳಲಿಲ್ಲ. ಹೋಳಿಗಿ ಉಂಡ್ರ ಮುಗೀತು...

ಆ ತುಪ್ಪದ ಮಾತು ಮತ್ತ ಯಾಕ್ರಿ?... ಹೌದ್ರಿ, ಮದುವ್ಯಾಗ ನಿಮ್ಮ ಪಂಕ್ತಿಗೆ ಎರಡನೇ ಸಲ ತುಪ್ಪ ಬರಲಿಲ್ಲ. ತಪ್ಪಾತು. ರೇಷನ್ ಕಾಲ, ಎಲ್ಲಿಂದ ತರಬೇಕಿತ್ತು? ಕಾಲಿಗೆ ಬಿದ್ದು ಕೇಳಿಕೊಂಡೀನಿ. ಒಂದು ಸೌಟು ತುಪ್ಪಕ್ಕ ಎರಡು ಪಂಚಮಿ ಹೋದುವು, ನನ್ನ ಮಗಳು ತವರಿನ ಹೊಸ್ತಿಲಾ ಕಂಡಿಲ್ಲ...

ಸಿಟ್ಟಲ್ರಿ, ಸಿಟ್ಟಲ್ಲ. ಆತು, ನೀವು ಹೇಳಿದಂಗ ಆಗ್ಲಿ. ಕೂಡಿಸೇ ಉಣಸ್ರಿ. ಎರಡನೇ ಸಲ, ಮೂರನೇ ಸಲ ತುಪ್ಪ ಹಾಕ್ರಿ. ನನ್ನ ರೇಸು ಹಾಳಾಗಿ ಹೋಗ್ಲಿ. ಖರೆ, ಪಾನಕದ ಅಳತಿ ಒಂದೀಟು ಸುವರ್ಣಗ ಹೇಳ್ತೀನಿ, ಫೋನು ಕೊಡ್ರಿ. ಟ್ರಂಕ್ ಕಾಲ್ ಆರು ನಿಮಿಷಕ್ಕ ಬರಿಸೀನಿ, ಅದರಾಗ ಎರಡು ನಿಮಿಷ ಕೊಡ್ರಿ ಸಾಕು... ನೀವು ಬಾಜೂನ ನಿಂದರ್ತೀರಾ? ನಿಂದರ್ರಿ, ನಿಮ್ಮ ಮನಿ...

ಸುವರ್ಣಾ? ನನ್ನವ್ವಾ, ನಾನು, ಅಪ್ಪ... ಹೂಂ... ಹೂಂ... ಬರೇ ಹೂಂ ಅಂತೀಯಲ್ಲ. ನಿಮ್ಮ ಮಾವ ಅಲ್ಲೇ ಅದಾರ, ಅಲ್ವಾ?...

ಹಂಗಾರ ಕೇಳು, ಮೆಲ್ಲಕ ಹೇಳ್ತೀನಿ. ಚೊಲೊ ಅದೀನಿ ಅಂದ್ರ ಬೆಲ್ಲ ಅನ್ನು. ಇಲ್ಲಂದ್ರ ಉಪ್ಪು ಅನ್ನು. ಅವರು ಪಾನಕದ ಮಾತಂತ ತಿಳಕೊಂತಾರ. ಹೆಂಗ ಅದೀ?...

ಉಪ್ಪಾ...

ಗಂಡ ಕೈ ಮಾಡ್ತಾನೇನು?... ಸುವರ್ಣಾ?... ಬ್ಯಾಡ, ಹೇಳಬ್ಯಾಡ, ಗೊತ್ತಾತು. ಹೊಟ್ಟಿ ತುಂಬ ಉಣ್ಣಾಕರ ಹಾಕ್ತಾರೋ ಇಲ್ಲೋ?... ಉಪ್ಪು! ಅಕ್ಕಿ ಮಿಲ್ಲಿದ್ದ ಮನ್ಯಾಗ ಸೊಸಿಗೆ ಅನ್ನ ಇಲ್ಲ! ಇವರ ಮನಿ ಹಾಳಾಗ...

ಅಳಬ್ಯಾಡ, ಅವರು ನೋಡ್ತಾರ. ಸುಮ್ಮನ ಕೇಳು. ಸೈಕಲ್‌ಗಳ ಹಿಂದ ಒಂದು ಲಾರಿ ಬರ್ತೈತಿ. ತುಳಿಯಾಕ ಆಗಲಾರದವರನ್ನ ಹತ್ತಿಸಿಕೊಂಡು ಮನಿ ಮುಟ್ಟಸಾಕ. ಸೋತವರ ಲಾರಿ ಅಂತ ಹುಡುಗರು ನಗ್ತಾರ. ಅದರಾಗ ನಾನ ಇರ್ತೀನಿ. ಎಲ್ಲಾರೂ ಉಂಡು ಎದ್ದ ಮ್ಯಾಲೆ, ಪಾನಕಕ್ಕಂತ ನಾವು ಕಳಸೋ ಹಂಡೆ ವಾಪಸ್ ಕೊಡೋ ನೆವ ಮಾಡಿ ಬಾ. ಹಂಡೆ ಅಲ್ಲೇ ಬಿಟ್ಟು ಹತ್ತು. ಮಂದಿ ಏನಂತಾರ ಅಂತ ಅಂಜಬ್ಯಾಡ. ಗಂಡನ್ನ ಬಿಟ್ಟು ಬಂದ್ಲು ಅಂದ್ರ ಅನ್ಲಿ, ಹೋದ ಜೀವಾ ಮಂದಿ ತಂದು ಕೊಡ್ತಾರೇನು? ಬರ್ತೀಯೋ ಇಲ್ಲೋ? ಬೆಲ್ಲಾನೋ, ಉಪ್ಪೋ?...

ಏನಂದಿ? ಮನ್ಯಾಗ ಇದ್ದಷ್ಟೂ ಬೆಲ್ಲ ಕಟ್ಟಿಡ್ತೀಯಾ? ಇದ್ದಷ್ಟೂ?... ಹಾಂ ನನ್ನವ್ವಾ, ಹಾಂ...

ಹಾಂ ಬೀಗ್ರೇ, ಮುಗೀತ್ರಿ. ಬೆಲ್ಲ ಜರಾ ಜಾಸ್ತಿ ಬೇಕ್ರಿ... ಏನು? ನೀವೂ ಬಳ್ಳಾರಿಗೆ ಬರೋರಾ? ಅವತ್ತ? ಹಿಂದ ಲಾರಿ ಬರ್ತೈತಿ ಅಂತ ಕಮಿಟಿಯವರು ಹೇಳ್ಯಾರಾ?... ಡ್ರೈವರ್ ಬಾಜೂ ಜಾಗ ನಿಮಗ ಇಡಬೇಕಾ?...

ಆಗಂಗಿಲ್ರಿ... ಜಾಗ ಇಲ್ರಿ, ಖರೇನ ಇಲ್ಲ. ಬಸ್ಸಿಗೆ ಬರ್ರಿ, ನಾನ ಬಸ್ ಸ್ಟ್ಯಾಂಡಿಗೆ ಬರ್ತೀನಿ ಕರಿಯಾಕ... ಯಾಕಂದ್ರ? ಯಾಕ ಅಂದ್ರ... ಭಿಕಾರಿ ಅಂದ್ರಾ ನನಗ? ಮತ್ತ ಆ ತುಪ್ಪಾನಾ?...

ಸಾಕ್ ಮಾಡ್ರಿ! ಆ ಜಾಗ ನನ್ನ ಮಗಳದು! ಆಕಿನ್ನ ಕರಕೊಂಡು ಹೋಗಾಕನ ಬರಾಕತ್ತೀನಿ, ನೀವು ಅಡ್ಡ ನಿಂತ್ರೂ ಹತ್ತಿಸಿಕೊಂಡ ಹೋಗಾವ, ಕೇಳಿಸ್ತಾ?...

ಹಲೋ?... ಬೀಗ್ರೇ?...

ಹಲೋ, ಎಕ್ಸ್‌ಚೇಂಜಾ? ಆರು ನಿಮಿಷ ಆತಾ? ನೀವು ನಡುವ ಕೇಳ್ತಿರ್ತೀರಲ್ಲ, ಯಾವ ಮಾತಿಗೆ ಕಟ್ ಆತು ಸ್ವಾಮಿ? ನನ್ನ ಕಡೀ ಮಾತು ಅವರಿಗೆ ಮುಟ್ಟಿತಾ?... ಬೈರಿ, ಬೇಕಾದಷ್ಟು ಬೈರಿ, ಖರೆ ಇದೊಂದು ಹೇಳ್ರಿ. ಆಕಿ ಅಲ್ಲೇ ನಿಂತಾಳ್ರಿ, ಅವರ ಮುಂದನ. ಮುಟ್ಟಿತೋ, ಇಲ್ಲೋ, ಅಷ್ಟ ಹೇಳ...